ಕಿವಿಗೆ ಹೂವಿಡುವ ಫ್ಯೂಸು

ಮೂರು ಕಾಸಿನ ಮಾಲನ್ನು ಮುನ್ನೂರಕ್ಕೆ ಮಾರುವ ವಿದ್ಯೆ ಹೊಸದಲ್ಲ. ಆದರೆ ಮಾಲಿನ ಮೈಮೇಲೆ ಒಂದು ಬಾಣದ ಗುರುತು ಬರೆದು, ಈ ದಿಕ್ಕಿಗೆ ಹಾಕಿದರೆ ಸಂಗೀತ ಇಂಪು, ತಿರುಗಿಸಿ ಹಾಕಿದರೆ ಕರ್ಕಶ ಎಂದು ನಂಬಿಸುವುದು ನಮ್ಮ ಕಾಲದ ವಿಶೇಷ. ಅಮೆರಿಕ, ಯೂರೋಪುಗಳಲ್ಲಿ ಮನೆಯ ಆಂಪ್ಲಿಫಯರಿಗೆಂದು ಇಂಥ ಫ್ಯೂಸುಗಳು ಒಂದಕ್ಕೆ 100 ಡಾಲರಿಗೂ ಮೇಲ್ಪಟ್ಟು ಮಾರಾಟವಾಗುತ್ತಿವೆ. ಅದೇ ಅಳತೆಯ ಗಾಜಿನ ಫ್ಯೂಸು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ಫ್ಯೂಸು ಎಂದರೇನು? 20 ಮಿಲಿಮೀಟರ್ ಉದ್ದದ ಕೊಳವೆ, ಎರಡು ತುದಿಗೆ ಲೋಹದ ಟೋಪಿ, ನಡುವೆ ಕೂದಲೆಳೆಯಂಥ ತಂತಿ. ಕರೆಂಟು ಮಿತಿ ಮೀರಿದರೆ ತಾನು ಕರಗಿ ಯಂತ್ರವನ್ನು ಉಳಿಸುವುದೊಂದೇ ಅದರ ಕೆಲಸ. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ಎ.ಸಿ. ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಹೋಗುವಾಗ ಬಾಣಕ್ಕೆ ಸರಿ, ಬರುವಾಗ ತಪ್ಪು! ಯಾವುದನ್ನು ನೇರವೆನ್ನೋಣ? ಯಂತ್ರದೊಳಗೆ ಡಿ.ಸಿ. ಇದೆಯಲ್ಲ ಎಂದರೆ, ಅಲ್ಲಿಯೂ ಡಯೋಡಿಗೆ ದಿಕ್ಕುಂಟೇ ಹೊರತು ತಾಮ್ರ, ಬೆಳ್ಳಿಗಳ ತಂತಿಗೆ ದಿಕ್ಕಿಲ್ಲ.

ತಂತಿ ಎಳೆಯುವಾಗ ಲೋಹದ ಕಣಗಳು ಒಂದೇ ಕಡೆಗೆ ಒರಗುತ್ತವೆಂದು ಕೆಲವರ ವಾದ. ಹಾಗಾದರೆ ಕಂಬದಿಂದ ಕಂಬಕ್ಕೆ ಮೈಲಿಗಟ್ಟಲೆ ಬಂದ ತಂತಿಯ ದಿಕ್ಕನ್ನು ಯಾರು ನೋಡಿದರು? ಟ್ರಾನ್ಸ್‌ಫಾರ್ಮರಿಗೆ ಸುತ್ತಿದ ತಂತಿಯದನ್ನು ಯಾರು ನೋಡಿದರು? ಅವೆಲ್ಲ ಕೆಡಿಸದ ಸಂಗೀತವನ್ನು ಒಂದಂಗುಲದ ಫ್ಯೂಸು ಕೆಡಿಸುವುದೇ?

ವ್ಯತ್ಯಾಸ ಕೇಳಿತೆನ್ನುವವರೆಲ್ಲ ಸುಳ್ಳರಲ್ಲ. ಫ್ಯೂಸನ್ನು ತೆಗೆದು ಹಾಕಿದಾಗ ಹಿಡಿಕೆಯ ಕಿಲುಬು ಉಜ್ಜಿಹೋಗಿ, ಸಡಿಲ ಸಂಪರ್ಕ ಬಿಗಿಯಾಗಬಹುದು. ಹಾಗೆಯೇ ದುಡ್ಡು ಸುರಿದವನ ಕಿವಿ ದುಡ್ಡಿನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಗಾದೆ. ಒಬ್ಬನು ಮರೆಯಲ್ಲಿ ನಾಣ್ಯ ಚಿಮ್ಮಿ ದಿಕ್ಕು ನಿರ್ಧರಿಸಲಿ, ಇನ್ನೊಬ್ಬನು ಕೇಳಿ ಹೇಳಲಿ. ಬರಿಯ ಊಹೆಯಿಂದ 10ಕ್ಕೆ 10 ಸರಿಯಾಗುವ ಸಂಭವ 1024ರಲ್ಲಿ ಒಂದು. ಕೇಳುವವನಿಗೆ ಗುಟ್ಟು ಬಿಡದ ಇಂಥ ಪರೀಕ್ಷಾಕ್ರಮವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲಿಯೇ ಪ್ರಕಟಿಸಿದ್ದರು.

ಪರೀಕ್ಷೆಯ ಮಾತೆತ್ತಿದರೆ ಬರುವ ಉತ್ತರವೇನು? "ನಿಮ್ಮ ಯಂತ್ರ ಅಗ್ಗದ್ದು, ನಿಮ್ಮ ಕಿವಿಗೆ ಸಂಸ್ಕಾರ ಸಾಲದು!" ನೂರು ಡಾಲರಿನ ಫ್ಯೂಸು ಕೊಳ್ಳುವವರು ನಾವಲ್ಲ, ನಮಗೇಕೆ ಈ ಗೊಡವೆ ಎನ್ನುವ ಓದುಗರು ಇಲ್ಲಿ ನಿಂತು ಯೋಚಿಸಬೇಕು. ಬೆಲೆ ಹೆಚ್ಚಿದ್ದರೆ ಗುಣ ಹೆಚ್ಚು. ಗುಣ ಕಾಣದಿದ್ದರೆ ತಪ್ಪು ನಿನ್ನದು! ಈ ನ್ಯಾಯ ಫ್ಯೂಸಿಗೆ ನಿಲ್ಲುವುದಿಲ್ಲ. ಔಷಧಿಗೆ, ಗೊಬ್ಬರಕ್ಕೆ, ಮಕ್ಕಳ ವಿದ್ಯೆಗೆ ಕೂಡ ಬರುತ್ತದೆ. ನೂರು ಮಗ್ಗಗಳ ಗದ್ದಲದಲ್ಲಿ ಒಂದು ಮಗ್ಗದ ತಪ್ಪು ಸದ್ದನ್ನು ಗುರುತಿಸುವ ಕಾರ್ಮಿಕನ ಕಿವಿಗೆ ಸಂಸ್ಕಾರವಿಲ್ಲವೆನ್ನಲು ಇವರು ಯಾರು?

ಕಿರಾಣಿ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ದಂಡ ತಪ್ಪದು. ಅದು ನ್ಯಾಯವೇ. ಆದರೆ ಬಾಣದ ಗುರುತಿಗೆ ಮುದ್ರೆ ಒತ್ತಿದವರು ಯಾರು? ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅವಕಾಶವಿದೆ. ಇಂಥ ಮಾಲು ಇಲ್ಲಿ ಮಾರುವವರು ಮೊದಲು ಪರೀಕ್ಷೆಯ ಫಲ ತೋರಿಸಲಿ. ತೋರಿಸದಿದ್ದರೆ ಆ ಕಲಮು ಅವರಿಗೂ ತಾಗಲಿ.

ನಿಮ್ಮ ಆಂಪ್ಲಿಫಯರಿನ ಫ್ಯೂಸು ಸುಟ್ಟರೆ ಅದರ ಮೇಲೆ ಬರೆದಷ್ಟೇ ಆಂಪಿಯರಿನ, ಅದೇ ಜಾತಿಯ ಫ್ಯೂಸು ತಂದು ಹಾಕಿ. ಯಾವ ತುದಿ ಯಾವ ಕಡೆಗಾದರೂ ಇರಲಿ. ದಪ್ಪ ತಂತಿ ಸುತ್ತಿ ಬೆಂಕಿಯನ್ನು ಮಾತ್ರ ಮನೆಗೆ ಕರೆಯಬೇಡಿ. ಉಳಿದ ದುಡ್ಡಿಗೆ ಒಳ್ಳೆಯ ಸ್ಪೀಕರ್ ಕೊಳ್ಳಿ. ಅದರ ವ್ಯತ್ಯಾಸ ಕಣ್ಣು ಮುಚ್ಚಿದರೂ ಕೇಳಿಸುತ್ತದೆ.