ಪಗಾರವೂ ಮನಮೆಚ್ಚಿದ ಕೆಲಸವೂ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಗಣಕವಿದ್ಯೆ ಕಲಿತು ಬೆಂಗಳೂರು, ಪುಣೆಗಳಿಗೆ ಹೋದ ಹೆಣ್ಣುಮಗಳು ಹಬ್ಬಕ್ಕೆ ಊರಿಗೆ ಬಂದರೆ “ಪಗಾರ ಎಷ್ಟವ್ವಾ?” ಎಂದು ಎಲ್ಲರೂ ಕೇಳುವರು, ಆಕೆ ಬರೆಯುವ ಪ್ರೋಗ್ರಾಮು ಯಾರಿಗೆ ಉಪಯೋಗವೆಂದು ಕೇಳುವವರು ವಿರಳ. ಪಗಾರವನ್ನು ನಾನು ಹೀಗಳೆಯುವದಿಲ್ಲ. ಮಳೆಯನ್ನೇ ನಂಬಿದ ಹೊಲವನ್ನು ಒತ್ತೆಯಿಟ್ಟು ಓದಿಸಿದ ತಂದೆಯ ಸಾಲ ತೀರುವ ತನಕ ಹೆಚ್ಚಿನ ಪಗಾರದ ಕೆಲಸವೇ ಯೋಗ್ಯವಾದದ್ದು. ಸಾಲ ತೀರಿದ ಮೇಲೆಯೂ ಪಾಲಕರು ಅದೇ ಅಳತೆಗೋಲನ್ನು ಹಿಡಿಯುವದು ಮಾತ್ರ ನನಗೆ ಸರಿದೋರದು.

ಇದೇ ವಿದ್ಯೆಯನ್ನು ಬಲ್ಲ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ವೆಂಬ ತಂತ್ರಾಂಶವನ್ನು ರಚಿಸಿ ಬೆಲೆ ಕೇಳದೆ ಹಂಚಿದರು. ಎಷ್ಟೋ ಜನರಿಗೆ ಗಣಕಯಂತ್ರದಲ್ಲಿ ಕನ್ನಡ ಬರೆಯುವದು ಸುಲಭವಾಯಿತು. ಬಹುಕಾಲದ ತರುವಾಯ ಅದಕ್ಕೆ ಬೆಲೆಯನ್ನೂ ಇಟ್ಟರು. ಅದರಲ್ಲಿ ತಪ್ಪೇನೂ ನನಗೆ ಕಾಣದು. ಮನಮೆಚ್ಚಿದ ಕೆಲಸ ಮಾಡುವವರಿಗೂ ಊಟ ಬೇಕಷ್ಟೆ.

ಆದುದರಿಂದ ಮಗಳು, “ಅಪ್ಪಾ, ಪಗಾರ ಕಡಿಮೆ, ಆದರೆ ಕನ್ನಡ ಶಾಲೆಯ ಮಕ್ಕಳ ಪಾಠಗಳಿಗೆ ಪ್ರೋಗ್ರಾಮು ಬರೆಯುವ ಕೆಲಸ ಸಿಕ್ಕಿದೆ” ಎಂದರೆ ಕೂಡಲೇ ಬೇಡವೆನ್ನಬೇಡಿರಿ. ಮನೆಗೆ ತಿಂಗಳಿಗೆ ಎಷ್ಟು ಬೇಕೆಂಬುದನ್ನು ಆಕೆಯೊಡನೆ ಕುಳಿತು ಲೆಕ್ಕ ಹಾಕಿರಿ. ಉಳಿದದ್ದನ್ನು ಆಕೆಯೇ ನಿಶ್ಚಯಿಸಲಿ.