ಬೆರಳಚ್ಚು ಹೊಂದದಿದ್ದರೆ ಮುಂದೇನು?

70 ವರ್ಷ ದಾಟಿದವರಿಗೆ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ನೀಡುವ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್ 29ರಂದು ಆರಂಭವಾಯಿತು. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರಿಗೂ ಇದು ಸಿಗುತ್ತದೆ. ಆದರೆ ಕಾರ್ಡ್ ಪಡೆಯಲು ಆಧಾರ್ ಇ-ಕೆವೈಸಿ ಆಗಬೇಕು. ಹಲವರಿಗೆ ತೊಡಕು ಎದುರಾಗುವುದು ಇಲ್ಲಿಯೇ.

ವಯಸ್ಸಾದಂತೆ ಚರ್ಮ ಒಣಗಿ ಬೆರಳಿನ ಗೆರೆಗಳು ಸವೆಯುತ್ತವೆ. ಕೆಲವು ಔಷಧಗಳಿಂದಲೂ ಹೀಗಾಗುತ್ತದೆ. ಸ್ತನ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುವ ಕ್ಯಾಪೆಸಿಟಬಿನ್ ಮಾತ್ರೆಯಿಂದ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳಬಹುದು. ಈ ಮಾತ್ರೆ ಸೇವಿಸುತ್ತಿದ್ದ ಸಿಂಗಪುರದ ರೋಗಿಯೊಬ್ಬರನ್ನು ಬೆರಳಚ್ಚು ಸಿಗದ ಕಾರಣ ಅಮೆರಿಕದ ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸಿದ್ದನ್ನು ವೈದ್ಯರು 2009ರಲ್ಲಿ ವರದಿ ಮಾಡಿದ್ದರು. ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್‌ನಂತಹ ಕ್ಯಾನ್ಸರ್ ಆಸ್ಪತ್ರೆಗಳಿಗೆ ಓಡಾಡುವ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

ಆಧಾರ್ ಮಾಡಿಸುವಾಗ ಹತ್ತು ಬೆರಳು, ಎರಡು ಕಣ್ಣಿನ ಪಾಪೆ ಮತ್ತು ಮುಖ, ಮೂರನ್ನೂ ದಾಖಲಿಸುತ್ತಾರೆ. ಹಲವು ಗುರುತುಗಳನ್ನು ಎರಡು ರೀತಿಯಲ್ಲಿ ಬಳಸಬಹುದು. ಒಂದು, ಬೆರಳು ಹೊಂದದಿದ್ದರೆ ಕಣ್ಣು ಅಥವಾ ಮುಖ ನೋಡುವುದು. ಇನ್ನೊಂದು, ಎಲ್ಲವೂ ಹೊಂದಲೇಬೇಕು ಎನ್ನುವುದು. ಮೊದಲನೆಯದು ರೋಗಿಗೆ ಇನ್ನೊಂದು ಬಾಗಿಲು. ಎರಡನೆಯದು ಇನ್ನೊಂದು ಬೀಗ. ಚಿಕಿತ್ಸೆಯ ವಿಷಯದಲ್ಲಿ ಬೇಕಿರುವುದು ಬಾಗಿಲು.

ಕಾನೂನೂ ಇದರ ಕಡೆಗಿದೆ. ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಅನ್ನು ಎತ್ತಿಹಿಡಿದರೂ, ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂದಿತು.

ನೀವು ಮಾಡಬಹುದಾದದ್ದು:

• ಆಧಾರ್‌ಗೆ ಈಗ ಬಳಸುತ್ತಿರುವ ಮೊಬೈಲ್ ಸಂಖ್ಯೆ ಜೋಡಿಸಿಡಿ; ಒಟಿಪಿಯಿಂದಲೂ ಇ-ಕೆವೈಸಿ ಆಗುತ್ತದೆ.

• ಬೆರಳು ಹೊಂದದಿದ್ದರೆ ಬೇರೆ ಬೆರಳು, ನಂತರ ಕಣ್ಣು ಅಥವಾ ಮುಖದ ಪರೀಕ್ಷೆ ಕೇಳಿ.

• ಬೆರಳಚ್ಚು ಸಿಗಲಿಲ್ಲವೆಂದು ಮಾತ್ರೆ ನಿಲ್ಲಿಸಬೇಡಿ. ಕೈಯಲ್ಲಿ ಉರಿ, ನೋವು ಇದ್ದರೆ ವೈದ್ಯರಿಗೆ ತಿಳಿಸಿ.

• ಆಸ್ಪತ್ರೆಗೆ ಸೇರುವ ದಿನದವರೆಗೆ ಕಾಯದೆ ಕಾರ್ಡ್ ಮೊದಲೇ ಮಾಡಿಸಿ.

ಬದಲಾಗಿರುವುದು ಬೆರಳಿನ ಗೆರೆಯೇ ಹೊರತು ವ್ಯಕ್ತಿಯಲ್ಲ. ಕೌಂಟರ್‌ನಲ್ಲಿ ಒಮ್ಮೆ ಇಲ್ಲವೆಂದರೆ ಹಿಂತಿರುಗಬೇಡಿ, ಇನ್ನೊಂದು ದಾರಿ ಕೇಳಿ.