ಲಾರಿ ಬ್ಯಾಟರಿ ಮನೆಯ ದೀಪಕ್ಕಲ್ಲ

ಕಳೆದ ತಿಂಗಳು ರಸಾಯನಶಾಸ್ತ್ರದ ಕಿರುಪರೀಕ್ಷೆಯ ಹಿಂದಿನ ರಾತ್ರಿ ಕರೆಂಟ್ ಹೋಯಿತು. ಯುಪಿಎಸ್ ಇದೆಯಲ್ಲ ಎಂದು ಧೈರ್ಯವಾಗಿದ್ದೆ. ಹದಿನೈದೇ ನಿಮಿಷಕ್ಕೆ ಅದು ಕೂಗಿಕೊಂಡು ನಿಂತುಹೋಯಿತು. ಆರು ತಿಂಗಳ ಹಿಂದಷ್ಟೇ ಅಬ್ಬಾ ಕಡಿಮೆ ಬೆಲೆಗೆ ಸಿಕ್ಕಿತೆಂದು ಲಾರಿಯಿಂದ ಬಿಚ್ಚಿದ ಬ್ಯಾಟರಿ ತಂದು ಕೂರಿಸಿದ್ದರು. "ಬ್ಯಾಟರಿ ಅಂದ್ಮೇಲೆ ಎಲ್ಲಾ ಒಂದೇ ಅಲ್ವೇನೋ?" ಎಂದು ಕೇಳಿದರು. ಸೀಸದ ಬ್ಯಾಟರಿಯ ಸಮೀಕರಣ ನನಗೆ ಬಾಯಿಪಾಠವಿತ್ತು. ಅವರ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಎಲ್ಲಾ ಒಂದೇ ಅಲ್ಲ. ಲಾರಿ ಬ್ಯಾಟರಿಯ ಫಲಕಗಳು ತೆಳು. ಎಂಜಿನ್ ಎಬ್ಬಿಸಲು ಕೆಲವು ಸೆಕೆಂಡು ಭಾರಿ ಕರೆಂಟ್ ಕೊಡುವುದು ಅದರ ಕೆಲಸ. ಗಂಟೆಗಟ್ಟಲೆ ಬರಿದು ಮಾಡಿದರೆ ಬೇಗ ಹಾಳಾಗುತ್ತದೆ. ಯುಪಿಎಸ್‌ಗೆ ಬೇಕಾದದ್ದು ದಪ್ಪ ಫಲಕದ ಟ್ಯೂಬುಲರ್ ಬ್ಯಾಟರಿ. ವ್ಯಾನಿನಲ್ಲೇ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಮಾಡಿಕೊಂಡು ಊರೂರು ಸುತ್ತುವವರು ಕೂಡ ಎಂಜಿನ್‌ಗೆ ಒಂದು, ದೀಪ–ಫ್ಯಾನಿಗೆ ಇನ್ನೊಂದು ಬ್ಯಾಟರಿ ಇಡುತ್ತಾರೆ.

ಎಷ್ಟು ದೊಡ್ಡದು ಬೇಕು? ನಮ್ಮ ಮನೆಯ ಲೆಕ್ಕವಿದು. 9 ವ್ಯಾಟ್‌ನ ಮೂರು ಬಲ್ಬು, 75 ವ್ಯಾಟ್‌ನ ಒಂದು ಫ್ಯಾನ್: ಸುಮಾರು 100 ವ್ಯಾಟ್. ನಾಲ್ಕು ಗಂಟೆಗೆ 400 ವ್ಯಾಟ್-ಅವರ್. ಯುಪಿಎಸ್‌ನಲ್ಲಿ ನಷ್ಟವಾಗುವುದನ್ನೂ ಸೇರಿಸಿ 500 ಎಂದಿಟ್ಟುಕೊಳ್ಳೋಣ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಿದ್ದರೆ ಬಾಳಿಕೆ ಹೆಚ್ಚು. ಹಾಗಾಗಿ 1000 ಬೇಕು. ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ 83. ಅಂದರೆ 100 ಆಂಪಿಯರ್-ಅವರ್‌ನದು ಸಾಕು. ಈ ಚೀಟಿ ಕೈಯಲ್ಲಿದ್ದರೆ ಅಂಗಡಿಯವರು 200ರದ್ದೇ ಬೇಕೆಂದರೂ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಲಿಥಿಯಂ ಬ್ಯಾಟರಿ ಹಗುರ, ನೀರು ಹಾಕುವ ಕೆಲಸವಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಬೆಲೆ ಜಾಸ್ತಿ, ಹಳೆಯ ಯುಪಿಎಸ್‌ನ ಚಾರ್ಜರ್ ಅದಕ್ಕೆ ಹೊಂದದೆ ಇರಬಹುದು. ಈಗಿರುವ ಯುಪಿಎಸ್ ಬದಲಿಸುವ ಶಕ್ತಿ ಇಲ್ಲದ ಮನೆಗೆ ಟ್ಯೂಬುಲರ್ ಸಾಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಬೋರ್‌ವೆಲ್ ನೀರಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಗಾಳಿಯಾಡುವ ಜಾಗದಲ್ಲೇ ಇಡಬೇಕು.

ಇನ್ನೊಂದು ಮಾತು. ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ? ಕೈಯಿಂದ ಒಡೆದು ಸೀಸ ತೆಗೆಯುವ ಕಡೆ ಆಸಿಡ್ ಚರಂಡಿಗೆ, ಸೀಸದ ಧೂಳು ಮಕ್ಕಳ ಮೈಗೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಬೇರೆ ಕಸದೊಂದಿಗೆ ಸೇರಿಸುವಂತಿಲ್ಲ. ಹೊಸದು ಕೊಳ್ಳುವಾಗ ಹಳೆಯದನ್ನು ಡೀಲರ್‌ಗೇ ಕೊಟ್ಟರೆ ಬೆಲೆಯಲ್ಲೂ ಸ್ವಲ್ಪ ಕಡಿತ ಸಿಗುತ್ತದೆ. ನೂರಿನ್ನೂರು ಹೆಚ್ಚು ಸಿಕ್ಕರೂ ಗುಜರಿಗೆ ಹಾಕುವುದು ಬೇಡ.

ಸ್ನೇಹಿತರೇ, ಗಂಡಸಿಯಿಂದ ಅರಸೀಕೆರೆಗೋ ಹಾಸನಕ್ಕೋ ಬ್ಯಾಟರಿ ತರಲು ಮನೆಯವರು ಹೊರಟರೆ ಲೆಕ್ಕದ ಚೀಟಿ ಹಿಡಿದು ನೀವೂ ಜೊತೆಗೆ ಹೋಗಿ. ಭೌತಶಾಸ್ತ್ರದ ಉಪನ್ಯಾಸಕರಲ್ಲಿ ಒಂದು ವಿನಂತಿ: ವಾರ್ಷಿಕ ಪರೀಕ್ಷೆಗೆ ಮುಂಚೆ ಒಂದು ಪೀರಿಯಡ್‌ನಲ್ಲಿ ನಮ್ಮಿಂದ ಈ ಲೆಕ್ಕ ಮಾಡಿಸಿ. ಅಂಕಕ್ಕಾಗಿ ಕಲಿತದ್ದು ಮನೆಯಲ್ಲಿ ಅಬ್ಬಾ ಕೇಳಿದಾಗಲೂ ಬಾಯಿಗೆ ಬರಬೇಕು.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ